ವರ್ಷಕ್ಕೊಂದು ಚಿಕ್ಕ ನಿಲುವಂಗಿ

(ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ)



ಇಂದು ಜುಲೈ 26. ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಧರ್ಮಸಭೆ ಕೊಂಡಾಡುತ್ತಿದೆ. ಯೇಸುಸ್ವಾಮಿಯ ಅಜ್ಜ ಅಜ್ಜಿಯ ಹಬ್ಬ ಎಂದರೆ ಮಕ್ಕಳಿಗೆ ಇನ್ನೂ ಬೇಗ ಅರ್ಥವಾಗುತ್ತದೆ. ಪಕ್ಕದ ಗೋವೆಯ ಸಾಂತಾನ ದೇವಾಲಯದಲ್ಲಿ ಇದಕ್ಕೆ ಸೌತೆಕಾಯಿ ಹಬ್ಬವೆಂದೇ ಹೆಸರು. ಮಕ್ಕಳಿಲ್ಲದ ದಂಪತಿಗಳು ಸೌತೆಕಾಯಿ ಕಾಣಿಕೆ ಇಟ್ಟು ಅನ್ನಮ್ಮನವರಲ್ಲಿ ಒಂದು ಮಗುವನ್ನು ಬೇಡಿಕೊಳ್ಳುತ್ತಾರೆ. ಮಗು ಹುಟ್ಟಿದ ಮೇಲೆ ಅದನ್ನು ಬೆಳೆಸಬೇಕು, ಓದಿಸಬೇಕು, ಉಡಿಸಬೇಕು. ಇಂದು ನಾನು ಮಾತನಾಡಬೇಕೆಂದಿರುವುದು ಈ ಕೊನೆಯ ಮಾತಿನ ಬಗ್ಗೆ, ಅಂದರೆ ಮಕ್ಕಳ ಬಟ್ಟೆಯ ಬಗ್ಗೆ. ಅದರಲ್ಲೂ ಶಾಲೆಯ ಸಮವಸ್ತ್ರದ ಬಗ್ಗೆ. ಹಬ್ಬದ ದಿನ ಸ್ವಾಮಿಗಳಿಗೆ ಬೇರೆ ವಿಷಯ ಸಿಗಲಿಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಅನ್ನಮ್ಮನವರ ಹೆಸರು ಪವಿತ್ರ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ಅವರ ಮತ್ತು ಜೋಕಿಮರ ಹೆಸರು ನಮಗೆ ಬಂದಿರುವುದು ಎರಡನೇ ಶತಮಾನದ, ಯಕೋಬನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಒಂದು ಹಳೆಯ ಬರಹದಿಂದ. ಅದನ್ನು ಧರ್ಮಸಭೆ ಬೈಬಲ್ಲಿನಲ್ಲಿ ಸೇರಿಸಿಲ್ಲ, ಆದರೆ ಅದರಿಂದ ಬಂದ ಸಂಪ್ರದಾಯಗಳನ್ನು ಪ್ರೀತಿಯಿಂದ ಉಳಿಸಿಕೊಂಡಿದೆ. ಆ ಕಥೆಯಲ್ಲಿ ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಅನ್ನಮ್ಮ ಕಣ್ಣೀರಿಟ್ಟು ಪ್ರಾರ್ಥಿಸಿ ಮರಿಯಳನ್ನು ಪಡೆಯುತ್ತಾರೆ. ಮಗುವಿಗೆ ಮೂರು ವರ್ಷವಾದಾಗ ಮಹಾದೇವಾಲಯಕ್ಕೆ ಕರೆದೊಯ್ದು ಬಿಟ್ಟುಬರುತ್ತಾರೆ. ಇದನ್ನು ಕೇಳಿದಾಗ ನಿಮಗೆ ಇನ್ನೊಬ್ಬ ತಾಯಿ ನೆನಪಾಗಬೇಕು. ಹಳೆಯ ಒಡಂಬಡಿಕೆಯ ಹನ್ನ, ಪ್ರವಾದಿ ಸಮುವೇಲನ ತಾಯಿ. ಅವಳದೂ ಇದೇ ಕಥೆ. ಅಷ್ಟೇ ಅಲ್ಲ, ಹನ್ನ ಮತ್ತು ಅನ್ನ ಎಂಬುವು ಒಂದೇ ಹೀಬ್ರೂ ಹೆಸರಿನ ಎರಡು ರೂಪಗಳು.

ಹನ್ನ ತನ್ನ ಮಗನನ್ನು ಮೊಲೆ ಬಿಡಿಸಿದ ಮೇಲೆ ಶಿಲೋವಿನ ದೇವಾಲಯದಲ್ಲಿ ಏಲಿ ಎಂಬ ಯಾಜಕನ ಕೈಗೆ ಒಪ್ಪಿಸಿದಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಹಾಸ್ಟೆಲಿಗೆ ಸೇರಿಸಿದಳು. ಆಮೇಲೆ ಏನು ಮಾಡಿದಳು ಎಂಬುದನ್ನು ಸಮುವೇಲನ ಮೊದಲನೆಯ ಗ್ರಂಥದ ಎರಡನೇ ಅಧ್ಯಾಯ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಪ್ರತಿ ವರ್ಷ ಗಂಡನ ಜೊತೆ ಬಲಿಯರ್ಪಿಸಲು ಹೋಗುವಾಗ ಮಗನಿಗಾಗಿ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಹೋಗುತ್ತಿದ್ದಳಂತೆ. ಪ್ರತಿ ವರ್ಷ! ಹೋದ ವರ್ಷದ ಅಂಗಿ ಈ ವರ್ಷಕ್ಕೆ ಆಗುವುದಿಲ್ಲ ಎಂಬುದು ತಾಯಂದಿರಿಗೆ ಗೊತ್ತು. ಗ್ರಂಥ ಬರೆದವನಿಗೂ ಗೊತ್ತಿತ್ತು. ಮಗನನ್ನು ನೋಡಿ ಒಂದು ವರ್ಷವಾಗಿದೆ, ಟೇಪು ಹಿಡಿದು ಅಳತೆ ತೆಗೆಯಲು ಮಗು ಎದುರಿಗಿಲ್ಲ. ಈಗ ಎಷ್ಟು ಎತ್ತರ ಬೆಳೆದಿರಬಹುದು, ತೋಳು ಎಷ್ಟು ಉದ್ದ ಬಿಡಬೇಕು ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ ಹೊಲಿದಿರಬೇಕು. ಸ್ವಲ್ಪ ದೊಡ್ಡದಾಗಿಯೇ ಹೊಲಿದಿರುತ್ತಾಳೆ ಎಂದು ನನ್ನ ಊಹೆ.

ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ? ದರ್ಜಿಯ ಹತ್ತಿರ ನಿಂತು, "ಬೆಳೆಯೋ ಮಗು, ಒಂದೆರಡು ಇಂಚು ಮಡಿಕೆ ಬಿಡಿ" ಎಂದು ಹೇಳದ ತಾಯಿ ಯಾರಿದ್ದಾರೆ? ಒಂದು ವರ್ಷದ ನಂತರ ಆ ಮಡಿಕೆ ಬಿಚ್ಚುತ್ತೀರಿ. ಲಂಗದ ಕೆಳಗೆ, ಪ್ಯಾಂಟಿನ ಕಾಲಿನ ತುದಿಯಲ್ಲಿ ಬಣ್ಣ ಮಾಸದ ಒಂದು ಗಾಢವಾದ ಪಟ್ಟಿ ಕಾಣಿಸುತ್ತದೆ. ಆ ಪಟ್ಟಿಯನ್ನು ನೋಡಿದರೆ ಸಾಕು, ಈ ಮಗು ಎರಡನೇ ವರ್ಷ ಅದೇ ಬಟ್ಟೆ ಹಾಕುತ್ತಿದೆ ಎಂದು ಇಡೀ ತರಗತಿಗೆ ಗೊತ್ತಾಗುತ್ತದೆ. ಮಕ್ಕಳು ಅದನ್ನು ಕಾಲಿನಿಂದ ಕಾಲಿಗೆ ಮರೆಮಾಡಿಕೊಂಡು ನಿಲ್ಲುವುದನ್ನು ಶಿಕ್ಷಕರು ನೋಡಿರುತ್ತಾರೆ. ಮೂರನೇ ವರ್ಷ ಅದೇ ಬಟ್ಟೆ ತಮ್ಮನಿಗೋ ತಂಗಿಗೋ ಹೋಗುತ್ತದೆ. ಅಜ್ಜಿ ಕುಳಿತು ಗುಂಡಿ ಬದಲಾಯಿಸಿ, ಕಾಲರು ತಿರುಗಿಸಿ ಹೊಲಿದು ಕೊಡುತ್ತಾಳೆ. ಹೊಲಿಗೆ ಮಾಡುವ ಹೆಂಗಸರು ಅನ್ನಮ್ಮನವರನ್ನು ತಮ್ಮ ಪಾಲಕ ಸಂತರೆಂದು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. 2021ರಲ್ಲಿ ಪೋಪ್ ಫ್ರಾನ್ಸಿಸ್‍ರವರು ಈ ಹಬ್ಬದ ಆಸುಪಾಸಿನ ಜುಲೈ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಕೊಂಡಾಡುವಂತೆ ಮಾಡಿದರು. ನಮ್ಮಲ್ಲಿ ಎಷ್ಟೋ ಅಜ್ಜಿಯರ ವೃದ್ಧಾಪ್ಯ ವೇತನ ಜೂನ್ ತಿಂಗಳಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಮೊಮ್ಮಗನ ಶೂಗೆ ಎನ್ನುತ್ತಾರೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬೆಲೆ ಊರಿಂದ ಊರಿಗೆ, ಶಾಲೆಯಿಂದ ಶಾಲೆಗೆ ಬೇರೆಯಾಗುತ್ತದೆ. ಇದು ಕೇವಲ ಉದಾಹರಣೆಗೆ. ಖಾಸಗಿ ಶಾಲೆಯ ಒಂದು ಮಗುವಿಗೆ ದಿನನಿತ್ಯದ ಸಮವಸ್ತ್ರ ಎರಡು ಜೊತೆ, ಜೊತೆಗೆ 900 ರೂಪಾಯಿ ಎಂದುಕೊಳ್ಳಿ, ಒಟ್ಟು 1,800. ಶನಿವಾರಕ್ಕೆ ಬಿಳಿ ಬಟ್ಟೆ 800. ಆಟದ ತಂಡದ ಬಣ್ಣದ ಟೀ ಶರ್ಟು 300. ಕಪ್ಪು ಶೂ 600, ಬಿಳಿ ಕ್ಯಾನ್ವಾಸ್ ಶೂ 400, ಸಾಕ್ಸ್ 150, ಟೈ ಬೆಲ್ಟು 250, ಸ್ವೆಟರು 600. ಕೂಡಿದರೆ 4,900 ರೂಪಾಯಿ. ಇಬ್ಬರು ಮಕ್ಕಳಾದರೆ 9,800. ಇದರಲ್ಲಿ ಫೀಸು ಸೇರಿಲ್ಲ, ಪುಸ್ತಕ ಸೇರಿಲ್ಲ, ಚೀಲ, ಆಟೋ, ವ್ಯಾನು ಯಾವುದೂ ಸೇರಿಲ್ಲ. ಎಲ್ಲವೂ ಒಂದೇ ತಿಂಗಳಲ್ಲಿ ಬರುತ್ತವೆ. ತಿಂಗಳಿಗೆ ಕೈಗೆ 13,000 ಸಿಗುವ ಒಬ್ಬ ತಾಯಿ ಇದನ್ನು ಹೇಗೆ ಹೊಂದಿಸುತ್ತಾಳೆ? ಚೀಟಿ ಕೂಗುತ್ತಾಳೆ, ಸಂಘದಲ್ಲಿ ಸಾಲ ಎತ್ತುತ್ತಾಳೆ, ಇಲ್ಲವೇ ಕಿವಿಯ ಓಲೆ ಗಿರವಿ ಅಂಗಡಿಗೆ ಹೋಗುತ್ತದೆ. ಬಡ್ಡಿ ಕಟ್ಟುತ್ತಾ ಕಟ್ಟುತ್ತಾ ಮುಂದಿನ ಜೂನ್ ಬಂದಿರುತ್ತದೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನೀವು ಬಲ್ಲಿರಿ. ಇಲ್ಲಿ ಕುಳಿತಿರುವ ಕೆಲವು ಅಕ್ಕಂದಿರು ಅಲ್ಲಿಗೇ ಕೆಲಸಕ್ಕೆ ಹೋಗುವವರು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೊರದೇಶದ ಮಕ್ಕಳಿಗಾಗಿ ನೂರಾರು ಅಂಗಿಗಳ ಕಾಲರು, ತೋಳು ಹೊಲಿಯುತ್ತಾರೆ. ಸ್ವಂತ ಮಗಳ ಒಂದು ಅಂಗಿಯನ್ನು ಮಾತ್ರ ಅವರು ಹೊಲಿಯುವಂತಿಲ್ಲ. ಶಾಲೆ ಹೇಳಿದ ಅಂಗಡಿಯಲ್ಲೇ, ಶಾಲೆಯ ಲಾಂಛನ ನೇಯ್ದ ಬಟ್ಟೆಯನ್ನೇ, ಅವರು ಹೇಳಿದ ಬೆಲೆಗೆ ಕೊಳ್ಳಬೇಕು. ಹನ್ನ ಇಂದು ಇದ್ದಿದ್ದರೆ ಅವಳ ಕೈಯಿಂದ ಹೊಲಿದ ನಿಲುವಂಗಿಯನ್ನು ಶಾಲೆಯ ಗೇಟಿನಲ್ಲಿಯೇ ವಾಪಸು ಕಳಿಸುತ್ತಿದ್ದರೇನೋ.

ಹಾಗಾದರೆ ಸಮವಸ್ತ್ರವೇ ಬೇಡವೇ? ಹಾಗೆ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಸಮವಸ್ತ್ರ ಇಲ್ಲದ ಶಾಲೆಯನ್ನು ಕಲ್ಪಿಸಿಕೊಳ್ಳಿ. ಪ್ರತಿದಿನ ಬೆಳಿಗ್ಗೆ ಇಂದು ಏನು ಹಾಕಿಕೊಳ್ಳಲಿ ಎಂಬ ಪ್ರಶ್ನೆ. ಹಣವಿದ್ದ ಮನೆಯ ಮಗು ವಾರಕ್ಕೆ ಆರು ಬಗೆ ಉಡುತ್ತದೆ. ಇಲ್ಲದ ಮನೆಯ ಮಗು ಇರುವ ಎರಡನ್ನೇ ತಿರುಗಿಸಿ ಮುರುಗಿಸಿ ಹಾಕುತ್ತದೆ. ಹುಟ್ಟುಹಬ್ಬದ ದಿನ ಬಣ್ಣದ ಬಟ್ಟೆಗೆ ಅನುಮತಿ ಕೊಡುವ ಶಾಲೆಗಳಲ್ಲಿ, ಅಂಥ ಬಟ್ಟೆ ಇಲ್ಲದ ಮಕ್ಕಳು ತಮ್ಮ ಹುಟ್ಟುಹಬ್ಬವನ್ನೇ ಯಾರಿಗೂ ಹೇಳುವುದಿಲ್ಲ ಎಂದು ಶಿಕ್ಷಕಿಯರು ಹೇಳುತ್ತಾರೆ. ಒಂದೇ ದಿನಕ್ಕೆ ಹೀಗಾದರೆ ವರ್ಷವಿಡೀ ಏನಾಗಬಹುದು? ಸಮವಸ್ತ್ರ ಇಂಥ ಮಗುವಿಗೆ ಒಂದು ಆಶ್ರಯ. ತೋಟದ ಲೈನು ಮನೆಯಿಂದ ಬಂದ ಮಗುವೂ ಡಾಕ್ಟರ ಮಗಳೂ ಪ್ರಾರ್ಥನೆಯ ಸಾಲಿನಲ್ಲಿ ಒಂದೇ ಬಣ್ಣದಲ್ಲಿ ನಿಲ್ಲುತ್ತಾರೆ. ಎರಡು ಜೊತೆ ಇದ್ದರೆ ಒಂದನ್ನು ಒಗೆದು ಇನ್ನೊಂದನ್ನು ಹಾಕಿ ವಾರವನ್ನು ಕಳೆಯಬಹುದು. ದಾರಿಯಲ್ಲಿ ಮಗು ತಪ್ಪಿಸಿಕೊಂಡರೆ ಯಾವ ಶಾಲೆಯದೆಂದು ನೋಡಿದವರು ಹೇಳುತ್ತಾರೆ. ಸಮವಸ್ತ್ರದಲ್ಲಿರುವ ಮಗು ಹೊಲದಲ್ಲೋ ಹೋಟೆಲಿನಲ್ಲೋ ಕೆಲಸ ಮಾಡುತ್ತಿದ್ದರೆ ಯಾರಾದರೂ ನಿಂತು ಕೇಳುತ್ತಾರೆ. ಇದೆಲ್ಲಕ್ಕಿಂತ ಹೆಚ್ಚಾಗಿ, ಮನೆತನದಲ್ಲೇ ಮೊದಲ ಬಾರಿಗೆ ಶಾಲೆಗೆ ಹೋಗುವ ಮಗುವಿಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ರಿಬ್ಬನ್ನು ಕಟ್ಟಿ, ಸಮವಸ್ತ್ರ ತೊಡಿಸಿ ಬಾಗಿಲಲ್ಲಿ ನಿಂತು ನೋಡುವ ತಾಯಿಯ ಮುಖವನ್ನು ನೋಡಿದ್ದೀರಾ? ಆ ಹೆಮ್ಮೆಗೆ ಬೆಲೆ ಕಟ್ಟಲಾಗದು. ಆದ್ದರಿಂದ ಸಮವಸ್ತ್ರ ಇರಲಿ. ಆದರೆ ಬಡ ಮಗುವನ್ನು ಮರೆಮಾಡಿ ಕಾಯಬೇಕಾದ ಬಟ್ಟೆಯೇ ಅದರ ಬಡತನವನ್ನು ಎಲ್ಲರ ಮುಂದೆ ತೋರಿಸಿದರೆ, ಅದನ್ನು ಸಮವಸ್ತ್ರ ಎಂದು ಕರೆಯುವುದಾದರೂ ಹೇಗೆ?

ಸಮವಸ್ತ್ರದ ಮೂಲ ಎಲ್ಲಿದೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಇಂಗ್ಲೆಂಡಿನ ಲಂಡನ್ ನಗರದಲ್ಲಿ 1552ರಲ್ಲಿ ಅನಾಥ ಮತ್ತು ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಒಂದು ಶಾಲೆ ಪ್ರಾರಂಭವಾಯಿತು. ಹೆಸರು ಹಾಸ್ಪಿಟಲ್ ಆದರೂ ಅದು ಆಸ್ಪತ್ರೆಯಲ್ಲ, ಆಶ್ರಯಧಾಮ. ಅದು ಪ್ರಾರಂಭವಾದದ್ದು ಫ್ರಾನ್ಸಿಸ್ಕನ್ ಸನ್ಯಾಸಿಗಳನ್ನು ಹೊರಹಾಕಿ ಅರಸ ವಶಪಡಿಸಿಕೊಂಡಿದ್ದ ಮಠದ ಕಟ್ಟಡದಲ್ಲಿ. ಬೀದಿಯಿಂದ ತಂದ ಆ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ಕೊಟ್ಟರು. ನೀಲಿ ಬಣ್ಣ ಆಗ ಅಗ್ಗವಾಗಿತ್ತು ಎನ್ನುತ್ತಾರೆ. ನೀಲಿ ಕೋಟು ಎಂದರೆ ದಾನದ ಬಟ್ಟೆ, ಬಡ ಮಕ್ಕಳ ಬಟ್ಟೆ ಎಂದೇ ಜನ ಗುರುತಿಸುತ್ತಿದ್ದರು. ಸಿರಿವಂತರ ಶಾಲೆಗಳು ಸಮವಸ್ತ್ರವನ್ನು ಎತ್ತಿಕೊಂಡು ಅದನ್ನು ಅಂತಸ್ತಿನ ಗುರುತಾಗಿ ಮಾಡಿಕೊಂಡದ್ದು ಬಹಳ ನಂತರ. ಆ ಶಾಲೆ ಈಗಲೂ ಇದೆ, 1902ರಲ್ಲಿ ಲಂಡನ್ನಿನಿಂದ ಹೊರಗೆ ಹೋಯಿತು. ಮಕ್ಕಳು ಈಗಲೂ ಅದೇ ನೀಲಿ ಕೋಟನ್ನು ಹಾಕುತ್ತಾರೆ. ನನಗೆ ಬಹಳ ಹಿಡಿಸಿದ ಸಂಗತಿ ಎಂದರೆ ಆ ಬಟ್ಟೆಗೆ ಇಂದಿಗೂ ಹೆತ್ತವರಿಂದ ಹಣ ತೆಗೆದುಕೊಳ್ಳುವುದಿಲ್ಲ, ಶಾಲೆಯೇ ಕೊಡುತ್ತದೆ. ಹಾಕಲೇಬೇಕು ಎಂದು ಹೇಳಿದವರೇ ಕೊಡುತ್ತಾರೆ.

ನಮ್ಮ ನಾಡಿನಲ್ಲಿ ಕೆಲವು ದಶಕಗಳ ಹಿಂದೆ ಸಮವಸ್ತ್ರ ಎಂದರೆ ಬಿಳಿ ಅಂಗಿ, ನೀಲಿ ಅಥವಾ ಖಾಕಿ ಚಡ್ಡಿ, ನೀಲಿ ಲಂಗ. ಸಂತೆಯ ಯಾವ ಬಟ್ಟೆ ಅಂಗಡಿಯಲ್ಲೂ ಮೀಟರಿನ ಲೆಕ್ಕದಲ್ಲಿ ಸಿಗುತ್ತಿತ್ತು, ಊರಿನ ದರ್ಜಿ ಹೊಲಿಯುತ್ತಿದ್ದ. ಶಾಲೆ ಬದಲಾದರೂ ಬಟ್ಟೆ ಬದಲಾಗುತ್ತಿರಲಿಲ್ಲ. ಈಗ ಒಂದೊಂದು ಶಾಲೆಗೆ ಒಂದೊಂದು ಚೌಕಳಿ, ಒಂದೊಂದು ಗೆರೆ. ಆ ಚೌಕಳಿ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ಒಂದೇ ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಬೆಲೆ ಕೇಳುವವರು ಯಾರು? ನಾಲ್ಕೈದು ವರ್ಷಕ್ಕೊಮ್ಮೆ ಆಡಳಿತದವರಿಗೆ ಹೊಸ ಬಣ್ಣ ಇಷ್ಟವಾದರೆ ಅಣ್ಣನ ಬಟ್ಟೆ ತಮ್ಮನಿಗೆ ಬರುವ ದಾರಿಯೂ ಮುಚ್ಚಿಹೋಗುತ್ತದೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ನಮ್ಮ ಕರ್ನಾಟಕದ 1995ರ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಸ್ಪಷ್ಟವಾಗಿದೆ. ಶಾಲೆ ಒಮ್ಮೆ ಸಮವಸ್ತ್ರವನ್ನು ಗೊತ್ತುಮಾಡಿದರೆ ಐದು ವರ್ಷ ಅದನ್ನು ಬದಲಾಯಿಸುವಂತಿಲ್ಲ. ಬದಲಾಯಿಸುವುದಾದರೆ ಹೆತ್ತವರಿಗೆ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸಬೇಕು. ಈ ನಿಯಮ ಇದೆಯೆಂದು ಹೆಚ್ಚಿನವರಿಗೆ ಗೊತ್ತಾದದ್ದು 2022ರಲ್ಲಿ, ಸಮವಸ್ತ್ರದ ವಿವಾದ ಉಡುಪಿಯಿಂದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋದಾಗ. ಆ ವಿವಾದದ ಒಳಗೆ ಇಂದು ಹೋಗುವುದಿಲ್ಲ. ಬಟ್ಟೆಯ ಕಾರಣಕ್ಕೆ ಯಾವ ಮನೆಯ ಮಗಳೇ ಆಗಲಿ ತರಗತಿಯ ಹೊರಗೆ ಉಳಿದರೆ ಅದು ದುಃಖದ ಸಂಗತಿ ಎಂದಷ್ಟೇ ಹೇಳಬಲ್ಲೆ. ಐದು ವರ್ಷದ ನಿಯಮ ಮಾತ್ರ ಅಮ್ಮಂದಿರ ಪರವಾಗಿರುವ ನಿಯಮ, ಅದನ್ನು ನೆನಪಿಟ್ಟುಕೊಳ್ಳಿ. ಕೇಂದ್ರ ಪಠ್ಯಕ್ರಮದ ಶಾಲೆಗಳಿಗೂ ಅವುಗಳ ಮಂಡಳಿ 2017ರಲ್ಲಿ ಸುತ್ತೋಲೆ ಕಳಿಸಿ, ಪುಸ್ತಕ, ಸಮವಸ್ತ್ರ, ಶೂ ಇವನ್ನು ಇಂಥ ಅಂಗಡಿಯಲ್ಲೇ ಕೊಳ್ಳಬೇಕೆಂದು ಹೆತ್ತವರನ್ನು ಒತ್ತಾಯಿಸಬಾರದು ಎಂದಿತು. ಸಿರಿವಂತ ದೇಶವಾದ ಇಂಗ್ಲೆಂಡಿನಲ್ಲಿಯೂ ಸಮವಸ್ತ್ರದ ಖರ್ಚನ್ನು ಹದ್ದಿನಲ್ಲಿಡಲು 2021ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತ ಸಮವಸ್ತ್ರ ಬರುತ್ತದೆ, ಒಳ್ಳೆಯ ಯೋಜನೆ. ಆದರೆ ಒಂದೇ ಜೊತೆ ಬಂದರೆ ಮಗು ಅದನ್ನು ಒಗೆದು ಒಣಗಿಸುವುದು ಯಾವಾಗ? ಮಲೆನಾಡಿನ ಮಳೆಗಾಲದಲ್ಲಿ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಒಣಗಿಸಿ, ಹೊಗೆಯ ವಾಸನೆಯ ಅಂಗಿ ಹಾಕಿಕೊಂಡು ಮಕ್ಕಳು ಬರುತ್ತಾರೆ. ಎರಡು ಜೊತೆ ಸಮವಸ್ತ್ರ ಮತ್ತು ಶೂ, ಸಾಕ್ಸ್ ಕೊಡಬೇಕೆಂದು ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿಯ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯ 2019ರಲ್ಲಿ ಹೇಳಬೇಕಾಯಿತು. ಹೇಳಿದ್ದನ್ನು ಮಾಡಲಿಲ್ಲವೆಂದು 2023ರಲ್ಲಿ ಮತ್ತೆ ನ್ಯಾಯಾಂಗ ನಿಂದನೆಯ ವಿಚಾರಣೆ ನಡೆಯಿತು. ಬಟ್ಟೆ ಬಂದರೂ ಹೊಲಿಗೆಯ ಕೂಲಿ ಹೆತ್ತವರ ತಲೆಯ ಮೇಲೆ ಬೀಳುವುದುಂಟು.

ಸರ್ಕಾರಕ್ಕೆ ಹೇಳಿದ್ದಾಯಿತು. ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಈ ರಾಜ್ಯದಲ್ಲಿ ಧರ್ಮಸಭೆ ನಡೆಸುವ ಶಾಲೆಗಳು ಸಾಕಷ್ಟಿವೆ. ಬಡವರಿಗೆ ಅಕ್ಷರ ಕಲಿಸಿದ ಗುರುಗಳ, ಭಗಿನಿಯರ ಸೇವೆಯನ್ನು ಯಾರೂ ಮರೆಯುವುದಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಜನ ಆ ಸೇವೆಯ ಫಲ. ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಬಡ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25 ಸ್ಥಾನ ಕೊಡಬೇಕೆಂದಿತು. ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದು ಎಂದು 17ನೇ ಸೆಕ್ಷನ್ನಿನಲ್ಲಿ ಹೇಳಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ದೊಡ್ಡ ಪೀಠ ಮತ್ತೆ ನೋಡಬೇಕೇ ಎಂಬ ಪ್ರಶ್ನೆ 2025ರಲ್ಲಿ ಅದೇ ನ್ಯಾಯಾಲಯದಲ್ಲಿ ಎದ್ದಿತು. ಅದು ವಕೀಲರ ವಿಷಯ. ನಮಗೆ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು, ಶುಭಸಂದೇಶದಿಂದ ಸಿಕ್ಕಿಲ್ಲ.

ಹನ್ನಳ ಕಥೆಯ ಅದೇ ಅಧ್ಯಾಯಕ್ಕೆ ಹಿಂದಿರುಗಿ. ಆ ಚಿಕ್ಕ ನಿಲುವಂಗಿಯ ಮಾತು ಬರುವುದಕ್ಕೆ ಸ್ವಲ್ಪ ಮೊದಲು ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರ ಕಥೆ ಇದೆ. ಜನ ಬಲಿಯರ್ಪಿಸಲು ಬಂದಾಗ ಯಾಜಕರ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬಂದು, ಮಾಂಸ ಬೇಯುತ್ತಿರುವ ಪಾತ್ರೆಗೆ ಚುಚ್ಚಿ, ಸಿಕ್ಕಿದ್ದನ್ನೆಲ್ಲ ಯಾಜಕರಿಗಾಗಿ ಎತ್ತಿಕೊಂಡು ಹೋಗುತ್ತಿದ್ದ. ಸ್ವಲ್ಪ ತಾಳಿ ಎಂದರೆ, ಈಗಲೇ ಕೊಡು, ಇಲ್ಲದಿದ್ದರೆ ಬಲವಂತದಿಂದ ಕಿತ್ತುಕೊಳ್ಳುತ್ತೇನೆ ಎನ್ನುತ್ತಿದ್ದ. ಹೀಗೆ ದೇವಾಲಯಕ್ಕೆ ಭಕ್ತಿಯಿಂದ ಬಂದವರಿಂದಲೇ ಕಿತ್ತುಕೊಳ್ಳುವ ಜಾಗದಲ್ಲಿ ಒಬ್ಬ ಹುಡುಗ ಬೆಳೆಯುತ್ತಿದ್ದ. ಅವನ ಮೈಮೇಲೆ ದೇವಾಲಯದ ಸೇವೆಗೆ ತಕ್ಕ ನಾರಿನ ಏಫೋದು ಇತ್ತು. ಅದನ್ನು ಅಂದಿನ ಸಮವಸ್ತ್ರ ಎಂದುಕೊಳ್ಳಬಹುದು. ಮನೆಯಿಂದ ಬಂದ ನಿಲುವಂಗಿಯೂ ಇತ್ತು. ತಾಯಿ ತಂದದ್ದನ್ನು ಏಲಿ ಬೇಡವೆನ್ನಲಿಲ್ಲ. ಆ ದಂಪತಿಗಳನ್ನು ಆಶೀರ್ವದಿಸಿ ಕಳಿಸಿದ ಎಂದು ಗ್ರಂಥ ಹೇಳುತ್ತದೆ.

ನಮ್ಮ ಶಾಲೆಗಳಲ್ಲಿ ಸಮವಸ್ತ್ರದ ಅಂಗಡಿಯವರಿಂದ ಕಮಿಷನ್ ಎಂಬ ಕೊಂಡಿ ಎಲ್ಲಾದರೂ ಇಳಿಯುತ್ತಿದ್ದರೆ ಅದನ್ನು ತೆಗೆಯಬೇಕು. ಆ ಹಣದಿಂದ ಶಾಲೆಗೆ ಬಣ್ಣ ಹೊಡೆಸಿದೆವು, ಕಂಪ್ಯೂಟರ್ ತಂದೆವು ಎಂಬ ಸಮಾಧಾನ ಬೇಡ. ಓಲೆ ಗಿರವಿ ಇಟ್ಟ ತಾಯಿಯನ್ನು ಕೇಳದೆ ಅವಳಿಂದ ಕಾಣಿಕೆ ತೆಗೆದುಕೊಂಡಂತೆ ಅದು.

ಇಲ್ಲಿ ಬೈಬಲ್ ಓದುವ ಯಾರಾದರೂ ಒಂದು ಆಕ್ಷೇಪಣೆ ಎತ್ತಬಹುದು. ಮತ್ತಾಯನ ಶುಭಸಂದೇಶದ 22ನೇ ಅಧ್ಯಾಯದ ಸಾಮತಿಯಲ್ಲಿ, ಮದುವೆಯ ಉಡುಪು ಧರಿಸದೆ ಬಂದವನನ್ನು ರಾಜ ಕೈಕಾಲು ಕಟ್ಟಿ ಹೊರಗೆ ಹಾಕಿಸಲಿಲ್ಲವೇ? ಹಾಗಾದರೆ ಉಡುಪಿನ ಶಿಸ್ತು ಯೇಸುಸ್ವಾಮಿಗೂ ಬೇಕಿತ್ತಲ್ಲವೇ? ಒಳ್ಳೆಯ ಪ್ರಶ್ನೆ. ಸಂತ ಅಗಸ್ಟೀನರು ಆ ಉಡುಪನ್ನು ಬಟ್ಟೆ ಎಂದು ತೆಗೆದುಕೊಳ್ಳಲಿಲ್ಲ, ಪ್ರೀತಿ ಎಂದು ಅರ್ಥಮಾಡಿದರು. ಇನ್ನು ಕೆಲವು ವ್ಯಾಖ್ಯಾನಕಾರರು ಬೇರೆ ಮಾತು ಹೇಳುತ್ತಾರೆ. ಆ ಅತಿಥಿಗಳು ಬೀದಿಯಿಂದ, ಇದ್ದ ಬಟ್ಟೆಯಲ್ಲಿ, ಕರೆದ ಕೂಡಲೇ ಬಂದವರು. ಮದುವೆಯ ಉಡುಪನ್ನು ಅವರು ಎಲ್ಲಿಂದ ತರುತ್ತಾರೆ? ಕರೆದ ರಾಜನೇ ಬಾಗಿಲಲ್ಲಿ ಕೊಟ್ಟಿರಬೇಕು, ಕೊಟ್ಟದ್ದನ್ನು ಇವನೊಬ್ಬ ತೊಡಲಿಲ್ಲ ಎನ್ನುತ್ತಾರೆ. ಹಾಗಾದರೆ ಆ ರಾಜನ ಮಾತಿಗೂ ಲಂಡನ್ನಿನ ನೀಲಿ ಕೋಟಿಗೂ ಒಂದೇ ನ್ಯಾಯ. ಕಡ್ಡಾಯ ಮಾಡುವವರು ಕೊಡುವುದಕ್ಕೂ ತಯಾರಿರಬೇಕು. ಎಲ್ಲರಿಗೂ ಕೊಡಲು ಆಗದಿದ್ದರೆ ಇಲ್ಲದವರಿಗಾದರೂ ಕೊಡಬೇಕು, ಅದೂ ಆಗದಿದ್ದರೆ ಅಗ್ಗವಾಗಿ ಸಿಗುವಂಥದ್ದನ್ನು ಗೊತ್ತುಮಾಡಬೇಕು.

ಸಂತ ಯಕೋಬನ ಪತ್ರದಲ್ಲಿ ಸಭೆಗೆ ಬಂದ ಇಬ್ಬರ ಮಾತಿದೆ. ಒಬ್ಬನ ಕೈಯಲ್ಲಿ ಚಿನ್ನದ ಉಂಗುರ, ಮೈಮೇಲೆ ಬೆಲೆಬಾಳುವ ಬಟ್ಟೆ. ಇನ್ನೊಬ್ಬನದು ಕೊಳೆಯಾದ ಬಟ್ಟೆ. ಮೊದಲನೆಯವನಿಗೆ ಒಳ್ಳೆಯ ಜಾಗ, ಎರಡನೆಯವನಿಗೆ ಅಲ್ಲೇ ನಿಲ್ಲು ಎಂಬ ಮಾತು. ಇದನ್ನು ಯಕೋಬ ಖಂಡಿಸುತ್ತಾನೆ. ಈಗ ಸೋಮವಾರ ಬೆಳಿಗ್ಗೆ ಒಂದು ಶಾಲೆಯ ಪ್ರಾರ್ಥನೆಯ ಹೊತ್ತನ್ನು ನೆನೆಸಿಕೊಳ್ಳಿ. ಕಪ್ಪು ಶೂ ಬದಲು ಚಪ್ಪಲಿ ಹಾಕಿದವರು, ಟೈ ಇಲ್ಲದವರು ಬೇರೆ ಸಾಲಿಗೆ ಬನ್ನಿ ಎಂಬ ಕೂಗು. ಕೆಲವೆಡೆ 10 ರೂಪಾಯಿ, 20 ರೂಪಾಯಿ ದಂಡ. ಕೆಲವೆಡೆ ಮನೆಗೆ ವಾಪಸು. ಶಿಸ್ತು ಬೇಕು, ಒಪ್ಪುತ್ತೇನೆ. ಶೂ ಪಾಲಿಷ್ ಮಾಡದ ಸೋಮಾರಿ ಹುಡುಗನಿಗೆ ಎರಡು ಮಾತು ಹೇಳಲಿ. ಆದರೆ ಎಂಟು ವರ್ಷದ ಮಗು ಶೂ ಕೊಳ್ಳುವುದಿಲ್ಲ, ಅಪ್ಪ ಅಮ್ಮ ಕೊಳ್ಳುತ್ತಾರೆ. ಅಪ್ಪನ ಕೈಯಲ್ಲಿ ಹಣವಿಲ್ಲದ ತಪ್ಪಿಗೆ ಮಗು ಏಕೆ ಬೇರೆ ಸಾಲಿನಲ್ಲಿ ನಿಲ್ಲಬೇಕು? ಪ್ರಾರ್ಥನೆಯ ಹೊತ್ತಿನಲ್ಲೇ ಇದು ನಡೆಯುವುದು ಇನ್ನೂ ನೋವಿನ ಮಾತು. ಒಂದು ಚೀಟಿ ಬರೆದು ಅಮ್ಮನಿಗೆ ಕಳಿಸಿ, ಇಲ್ಲವೇ ಅಮ್ಮನನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿ ಕೇಳಿ. ಮಗುವನ್ನು ಮಾತ್ರ ತರಗತಿಯೊಳಗೆ ಬಿಡಿ. ಒಂದು ದಿನ ಹೊರಗೆ ನಿಂತ ಮಗು ಎರಡನೆಯ ದಿನ ಹೊಟ್ಟೆನೋವು ಎನ್ನುತ್ತದೆ. ಹತ್ತು ದಿನ ಹೀಗಾದರೆ ಶಾಲೆ ಬಿಟ್ಟಿತೆಂದೇ ಲೆಕ್ಕ.

ಹೆತ್ತವರಿಗೂ ಒಂದು ಮಾತು ಇದೆ, ಬೇಸರ ಮಾಡಿಕೊಳ್ಳಬೇಡಿ. ಸಮವಸ್ತ್ರಕ್ಕೆ ಹಣವಿಲ್ಲ ಎಂದು ಜೂನ್‍ನಲ್ಲಿ ಅಳುವ ಮನೆಯಲ್ಲೇ ಪ್ರಥಮ ಪರಮಪ್ರಸಾದದ ಒಂದು ದಿನದ ಬಿಳಿ ಉಡುಪಿಗೆ, ಅದರ ಊಟಕ್ಕೆ, ಫೋಟೋಗೆ ಸಾವಿರ ಸಾವಿರ ಸಾಲ ಮಾಡುವುದನ್ನು ನೋಡುತ್ತೇವೆ. ಆ ಬಿಳಿ ಗೌನನ್ನು ಮಗು ಮತ್ತೆ ಒಮ್ಮೆಯೂ ಹಾಕುವುದಿಲ್ಲ. ಕೆಲವು ಧರ್ಮಕೇಂದ್ರಗಳಲ್ಲಿ ಅದಕ್ಕೂ ಎಲ್ಲರಿಗೂ ಒಂದೇ ಬಗೆಯ ಸರಳ ಬಿಳಿ ಅಂಗಿಯನ್ನು ದೇವಾಲಯದಿಂದಲೇ ಕೊಟ್ಟು, ಪೂಜೆ ಮುಗಿದ ಮೇಲೆ ಒಗೆದು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲೂ ಆಗಬಹುದು, ಮಂಡಳಿಯವರು ಯೋಚಿಸಲಿ. ಹಾಗೆಯೇ ನಿಮ್ಮ ಮಕ್ಕಳಿಗೆ ಅಣ್ಣನ ಬಟ್ಟೆ ಹಾಕಿಕೊಳ್ಳುವುದು ಅವಮಾನವಲ್ಲ ಎಂದು ಕಲಿಸಿ. ಇನ್ನೊಂದು ಮಗುವಿನ ಲಂಗದ ಗಾಢ ಪಟ್ಟಿಯನ್ನು ನೋಡಿ ನಿಮ್ಮ ಮಗ ನಕ್ಕರೆ ಮನೆಯಲ್ಲಿ ಕರೆದು ಬುದ್ಧಿ ಹೇಳಿ. ಆ ನಗು ಶಾಲೆಯವರ ದಂಡಕ್ಕಿಂತ ಹೆಚ್ಚು ಚುಚ್ಚುತ್ತದೆ.

ಅನ್ನಮ್ಮನವರ ಚಿತ್ರಗಳಲ್ಲಿ, ಪ್ರತಿಮೆಗಳಲ್ಲಿ ಒಂದು ಬಗೆ ಬಹಳ ಪ್ರಸಿದ್ಧ. ವಯಸ್ಸಾದ ತಾಯಿ ಕುಳಿತಿದ್ದಾರೆ, ಮಡಿಲಿನ ಮೇಲೆ ಗ್ರಂಥ ತೆರೆದಿದೆ, ಪುಟ್ಟ ಮರಿಯ ಪಕ್ಕದಲ್ಲಿ ನಿಂತು ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದಾಳೆ. ಬಡ ಹೆಣ್ಣುಮಕ್ಕಳು ಓದುವುದು ಅಪರೂಪವಾಗಿದ್ದ ಕಾಲದಲ್ಲೇ ಯೂರೋಪಿನ ಕಲಾವಿದರು ಈ ಚಿತ್ರವನ್ನು ಮತ್ತೆ ಮತ್ತೆ ಬರೆದರು. ಆ ಚಿತ್ರದಲ್ಲಿ ಯಾರೂ ಮರಿಯಳ ಬಟ್ಟೆಯನ್ನು ನೋಡುವುದಿಲ್ಲ. ಎಲ್ಲರ ಕಣ್ಣು ಆ ಪುಸ್ತಕದ ಮೇಲಿನ ಬೆರಳಿಗೆ ಹೋಗುತ್ತದೆ. ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿ ಶಿಷ್ಯರ ಕಣ್ಣುಗಳನ್ನು ಧನ್ಯವೆಂದು ಕರೆದರು, ಹಿಂದಿನವರು ಕಾಣಲು ಹಂಬಲಿಸಿ ಕಾಣದೆ ಹೋದದ್ದನ್ನು ಇವರು ಕಂಡರು. ನಮ್ಮ ಅಜ್ಜ ಅಜ್ಜಿಯರಲ್ಲಿ ಹೆಬ್ಬೆಟ್ಟು ಒತ್ತಿದವರೇ ಹೆಚ್ಚು. ಮೊಮ್ಮಗಳು ಪುಸ್ತಕ ಹಿಡಿದು ಓದುವುದನ್ನು ಕಾಣಬೇಕೆಂದು ಅವರು ಹಂಬಲಿಸಿದರು.

ಕೊನೆಗೆ ಒಂದು ಪ್ರಕಟಣೆ. ಧರ್ಮಕೇಂದ್ರದ ಸಭಾಂಗಣದಲ್ಲಿ ಹಳೆಯ ಕಬ್ಬಿಣದ ಬೀರು ಒಂದಿದೆ. ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಅದನ್ನು ಖಾಲಿ ಮಾಡಿ ಬಣ್ಣ ಹೊಡೆದಿದ್ದಾರೆ. ಮುಂದಿನ ಭಾನುವಾರದಿಂದ ನಿಮ್ಮ ಮಕ್ಕಳಿಗೆ ಚಿಕ್ಕದಾದ ಸಮವಸ್ತ್ರ, ಸ್ವೆಟರು, ಶೂಗಳನ್ನು ತಂದು ಅಲ್ಲಿಡಿ. ಒಗೆದು, ಇಸ್ತ್ರಿ ಮಾಡಿ, ಗುಂಡಿ ಬಿದ್ದಿದ್ದರೆ ಹಾಕಿ ತನ್ನಿ. ಹರಿದದ್ದನ್ನು ತರಬೇಡಿ, ಅದು ನೆಲ ಒರೆಸಲು ಇರಲಿ. ಹೊಲಿಗೆ ಬಲ್ಲ ಅಜ್ಜಿಯಂದಿರು ಶನಿವಾರ ಮಧ್ಯಾಹ್ನ ಬಂದು ಮಡಿಕೆ ಬಿಚ್ಚುವ, ಕಟ್ಟುವ ಕೆಲಸ ಮಾಡಿಕೊಡುತ್ತೇವೆ ಎಂದಿದ್ದಾರೆ. ಅವರಿಗೆ ಚಹಾ ಮತ್ತು ಬಿಸ್ಕತ್ತಿನ ವ್ಯವಸ್ಥೆ ಮಾಡುವುದು ಯುವಜನರ ಪಾಲು. ಯಾವ ಧರ್ಮದವರಾದರೂ ಬಂದು ತೆಗೆದುಕೊಂಡು ಹೋಗಬಹುದು. ಬೀರುವಿಗೆ ಬೀಗ ಹಾಕುವುದಿಲ್ಲ. ಯಾರು ಏನು ಒಯ್ದರೆಂದು ಬರೆಯಲು ಪುಸ್ತಕವನ್ನೂ ಇಡುವುದಿಲ್ಲ.